ಇಸ್ತ್ರಿ ಮೇಜಿಗೆ ಬಿಡುವಿಲ್ಲ, ಕೈಯಲ್ಲಿ ಕಾಸಿಲ್ಲ: ಲಾಂಡ್ರಿಗೆ ಜತೆಯಾಗಿ ಏನು ನಡೆಸಬಹುದು?

ಪ್ರಶ್ನೆ: ಬಳ್ಳಾರಿಯಲ್ಲಿ ಸಣ್ಣ ಲಾಂಡ್ರಿ ಇದೆ. ಎರಡು ವಾಷಿಂಗ್ ಮಷೀನು, ಎರಡು ಇಸ್ತ್ರಿ ಮೇಜು, ಇಬ್ಬರು ಹುಡುಗರು. ಕೆಲಸಕ್ಕೇನೂ ಕೊರತೆಯಿಲ್ಲ. ಆದರೆ ಬಾಡಿಗೆ, ಕರೆಂಟು, ಕೂಲಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಸೋಪು, ಹ್ಯಾಂಗರ್ ಇಟ್ಟು ಮಾರಲೇ? ಡ್ರೈಕ್ಲೀನಿಂಗ್ ಶುರು ಮಾಡಲೇ? ಏನು ಸೇರಿಸಿದರೆ ನಾಲ್ಕು ಕಾಸು ಹೆಚ್ಚಿಗೆ ಸಿಕ್ಕೀತು?

ಉತ್ತರ: ಏನನ್ನಾದರೂ ಸೇರಿಸುವ ಮೊದಲು ಒಂದು ವಾರ ಅಂಗಡಿಯಲ್ಲಿ ಬಟ್ಟೆ ಎಲ್ಲಿ ನಿಂತುಬಿಡುತ್ತದೆ ಎಂದು ನೋಡಿ. ಹೆಚ್ಚಿನ ಕಡೆ ಮಷೀನು ಹನ್ನೊಂದು ಗಂಟೆಗೆಲ್ಲ ಖಾಲಿ ಕೂತಿರುತ್ತದೆ. ಇಸ್ತ್ರಿ ಮೇಜಿನ ಪಕ್ಕದ ರಾಶಿ ಮಾತ್ರ ರಾತ್ರಿ ಒಂಬತ್ತಾದರೂ ಕರಗುವುದಿಲ್ಲ. ಅಂಥ ಅಂಗಡಿಗೆ ಮತ್ತೂ ಇಸ್ತ್ರಿ ಬೇಡುವ ಕೆಲಸ ತಂದರೆ ವ್ಯಾಪಾರ ಏರುತ್ತದೆ, ಲಾಭ ಏರುವುದಿಲ್ಲ. ಮೂರನೆಯ ಹುಡುಗನ ಕೂಲಿ ತಲೆಗೆ ಬರುತ್ತದೆ, ಅಷ್ಟೆ. ಖಾಲಿ ಕೂತ ಮಷೀನು ಮತ್ತು ಪುಕ್ಕಟೆ ಬೀಳುವ ಬಿಸಿಲು, ಇವೆರಡರಿಂದ ದುಡಿಮೆ ತೆಗೆಯುವ ಕೆಲಸ ಹುಡುಕಬೇಕು.

ಲೆಕ್ಕ ಹೀಗೆ ಹಾಕಿ. ಕೈ ಕುದುರಿದ ಹುಡುಗ ಗಂಟೆಗೆ 15 ಬಟ್ಟೆ ಇಸ್ತ್ರಿ ಮಾಡುತ್ತಾನೆ ಅನ್ನೋಣ. ಬಟ್ಟೆಗೆ 10 ರೂಪಾಯಿಯಂತೆ 150 ರೂಪಾಯಿ, ಅಂದರೆ ನಿಮಿಷಕ್ಕೆ ಎರಡೂವರೆ. ನಿಮ್ಮ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಹೊಸ ಕೆಲಸ ಯಾವುದೇ ಬರಲಿ, ಅದು ಕೈಯ ಎಷ್ಟು ನಿಮಿಷ ತಿನ್ನುತ್ತದೆ, ನಿಮಿಷಕ್ಕೆ ಎಷ್ಟು ಕೊಡುತ್ತದೆ ಎಂದು ಈ ಎರಡೂವರೆ ರೂಪಾಯಿಯ ಪಕ್ಕದಲ್ಲಿಟ್ಟು ನೋಡಿ.

ಈ ಅಳತೆಗೆ ನಮ್ಮ ಕಡೆ ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಕೌದಿ (ಹಳೆ ಬಟ್ಟೆ ಸೇರಿಸಿ ಹೊಲಿದ ದಪ್ಪ ಹೊದಿಕೆ), ರಗ್ಗು, ಚಾದರ, ಪರದೆ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆಯುವ ರೂಢಿ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಇದೆ. ಹಳ್ಳಿಯವರು ಹಳ್ಳಕ್ಕೋ ಕಾಲುವೆಗೋ ಒಯ್ಯುತ್ತಾರೆ. ಊರಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ, ನಾಲ್ಕು ಕಿಲೋ ಕೌದಿ ಹಿಂಡುವವರು ಯಾರು? ಒಂದು ಕೌದಿ ತೊಳೆಯಲು 150 ರೂಪಾಯಿ ಇಟ್ಟರೆ, ನೋಡಿ ತೆಗೆದುಕೊಳ್ಳುವುದು, ಮಷೀನಿಗೆ ಹಾಕುವುದು, ಒಣಹಾಕುವುದು, ಮಡಿಸುವುದು ಎಲ್ಲ ಸೇರಿ ಕೈಯ ಕೆಲಸ ಹದಿನೈದು ನಿಮಿಷ. ಅಂದರೆ ನಿಮಿಷಕ್ಕೆ 10 ರೂಪಾಯಿ. ಸೋಪು, ನೀರು, ಕರೆಂಟಿಗೆ ಮೂವತ್ತು ಕಳೆದರೂ 8 ಉಳಿಯಿತು. ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟುವ ಕೆಲಸವೇ ಇಲ್ಲ.

ಕೆಡುವುದು ಎಲ್ಲಿ? ಮೊದಲನೆಯದು ಮಷೀನಿನ ಅಳತೆ. ಮನೆಯ 7 ಕಿಲೋ ಮಷೀನಿಗೆ ಒಂಟಿ ಕೌದಿ ಹಾಕಿದರೆ ಅದು ನೀರು ಕುಡಿದು ಒಂದೇ ಬದಿಗೆ ಮುದ್ದೆಯಾಗುತ್ತದೆ. ಹಿಂಡುವಾಗ ಡ್ರಮ್ಮು ಓಲಾಡಿ ಮಷೀನು ನಿಲ್ಲುತ್ತದೆ. ಹೀಗೇ ನಡೆಸಿದರೆ ಬೇರಿಂಗು, ಶಾಕ್ ಅಬ್ಸಾರ್ಬರ್ ಬೇಗ ಹೋಗುತ್ತವೆ. 12ರಿಂದ 15 ಕಿಲೋ ಹಿಡಿಯುವ ಫ್ರಂಟ್ ಲೋಡ್ ಬೇಕು. ಅದರಲ್ಲೂ ಡ್ರಮ್ಮಿನ ಮುಕ್ಕಾಲು ಭಾಗ ಮಾತ್ರ ತುಂಬಿ, ಒಂದರ ಬದಲು ಎರಡು ಕೌದಿ ಹಾಕಿ ತೂಕ ಸಮ ಮಾಡಿ. ತಣ್ಣೀರು, ಹಿಂಡುವ ವೇಗ ನಿಮಿಷಕ್ಕೆ 600 ಸುತ್ತಿನ ಒಳಗೆ, ಒಣ ತೂಕದ ಕಿಲೋಗೆ 10-12 ಗ್ರಾಂ ಸೋಪಿನ ಪುಡಿ.

ಎರಡನೆಯದು ಬಣ್ಣ. ಕೌದಿಯಲ್ಲಿ ಹಳೆ ಸೀರೆ, ಧೋತ್ರ, ಲಂಗದ ತುಂಡು ಎಲ್ಲ ಇರುತ್ತವೆ, ಒಂದೊಂದರದು ಒಂದೊಂದು ಗುಣ. ಕೆಂಪು, ಕಪ್ಪು, ಕಡು ಹಸಿರು ತುಂಡುಗಳ ಮೇಲೆ ಒದ್ದೆ ಬಿಳಿ ಬಟ್ಟೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಗಿರಾಕಿ ಎದುರಿಗೇ ತೋರಿಸಿ, ಚೀಟಿಯಲ್ಲಿ ಬರೆದು, ಅವರು ಹೂಂ ಅಂದರಷ್ಟೇ ತೆಗೆದುಕೊಳ್ಳಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬಿಡುವ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಹೊಲಿಗೆ ಕಿತ್ತಿದ್ದರೆ ಒಳಗಿನ ಚಿಂದಿ ಹೊರಬಂದು ಮಷೀನಿನ ಪಂಪಿಗೆ ಸಿಕ್ಕಿಕೊಳ್ಳುತ್ತದೆ, ಅಂಥದ್ದನ್ನು ಜಾಲರಿ ಚೀಲದಲ್ಲಿ ಹಾಕಿ. ಹೊಲಿಗೆ ಹಾಕಿಕೊಡುವವರು ಗೊತ್ತಿದ್ದರೆ ಅದಕ್ಕೂ ಬೇರೆ ದುಡ್ಡು ಹಿಡಿಯಬಹುದು.

ಒಣಗಿಸುವುದಕ್ಕೆ ಡ್ರೈಯರ್ ಕೊಳ್ಳುವ ಅಗತ್ಯ ಈ ಸೀಮೆಯಲ್ಲಿ ಇಲ್ಲ. ಮಾಳಿಗೆಯ ಮೇಲೆ ಒಂದು ಮೊಳ ಅಂತರದಲ್ಲಿ ಎರಡು ತಂತಿ ಕಟ್ಟಿ ಕೌದಿಯನ್ನು ಎರಡರ ಮೇಲೂ ಹರಡಿ, ಗಾಳಿ ನಡುವೆ ಹಾಯಲಿ. ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ನೆರಳಲ್ಲಿ ಹತ್ತು ನಿಮಿಷ ಇಟ್ಟು ಅಂಗೈ ಒತ್ತಿ ನೋಡಿ, ತಣ್ಣಗೆ ತಾಕಿದರೆ ಇನ್ನೂ ಆಗಿಲ್ಲ. ಹಸಿ ಇದ್ದಾಗ ಮಡಿಸಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಬೇಸಿಗೆಯಲ್ಲಿ ಒಂದು ಹಗಲು ಸಾಕು. ಮಹಾನವಮಿ ಬರುವುದು ಮಳೆಗಾಲದ ಬಾಲಕ್ಕೆ, ಆಗ ಎರಡು ದಿನ ಹಿಡಿದು ತಾರೀಖು ಕೊಡಿ. ಹಬ್ಬಕ್ಕೆ ತಿಂಗಳಿರುವಾಗಲೇ ಬೋರ್ಡು ಹಾಕಿದರೆ ಕೆಲಸ ಹಂಚಿಹೋಗುತ್ತದೆ. ಕೊನೆಯ ವಾರ ಎಲ್ಲರದ್ದೂ ಒಟ್ಟಿಗೆ ಬಂದರೆ ತಂತಿಯೇ ಸಾಲುವುದಿಲ್ಲ.

ಕೌದಿಯ ನಂತರ ಹಾಸ್ಟೆಲಿನ ಕಿಲೋ ಲೆಕ್ಕದ ಬಟ್ಟೆ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಇಸ್ತ್ರಿಗಿಂತ ತೊಳೆದು ಮಡಿಸಿ ಕೊಟ್ಟರೆ ಸಾಕು. ವಾರಕ್ಕೆ ಒಮ್ಮೆ, ತಲೆಗೆ 5 ಕಿಲೋ, ತಿಂಗಳ ಹಣ ಮುಂಗಡ. ಪ್ರತಿಯೊಬ್ಬರದ್ದೂ ಒಂದು ಜಾಲರಿ ಚೀಲ, ಅದಕ್ಕೆ ನಂಬರ್ ಬರೆದ ಬಟ್ಟೆಯ ಪಟ್ಟಿ ಹೊಲಿದಿರಬೇಕು. ಬಣ್ಣದ್ದು, ಬಿಳಿಯದು ಎಂದು ಎರಡು ಚೀಲ ಕೊಟ್ಟರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಚೀಲ ಬಿಗಿಯಾಗಿ ತುಂಬಿದರೆ ಒಳಗಿನ ಬಟ್ಟೆಗೆ ನೀರೇ ಹೋಗುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು.

ಸೀರೆಯ ಕೆಲಸದಲ್ಲಿ ಫಾಲ್, ಪಿಕೋ, ಕುಚ್ಚು ಮೂರನ್ನೂ ಹಿಡಿಯಿರಿ. ಆದರೆ ನೀವು ಹೊಲಿಯಬೇಡಿ. ಜೀನ್ಸ್ ಹೊಲಿಗೆಗೆ ಹೆಸರಾದ ಊರು ಇದು, ಪೀಸಿನ ಲೆಕ್ಕದಲ್ಲಿ ಹೊಲಿದುಕೊಡುವ ಮನೆಗಳು ಓಣಿ ಓಣಿಗೂ ಇವೆ. ತೆಗೆದುಕೊಳ್ಳುವುದು, ಕೊಡುವುದು ನಿಮ್ಮದು, ಹೊಲಿಗೆ ಅವರದು. ನಿಮ್ಮ ಕೈಯಲ್ಲಿ ಇರಬೇಕಾದ ಜಾಣತನ ಒಂದೇ: ಫಾಲ್ ಬಟ್ಟೆಯನ್ನು ಹಚ್ಚುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಳ್ಳುವುದು. ಹತ್ತಿಯ ಫಾಲ್ ಎರಡೂವರೆ ಮೀಟರಿನಲ್ಲಿ ಎರಡು ಮೂರು ಇಂಚು ಕುಗ್ಗುತ್ತದೆ. ಹಾಗೇ ಹಚ್ಚಿದರೆ ಮೊದಲ ಒಗೆತಕ್ಕೇ ಸೀರೆಯ ಅಂಚು ಸುಕ್ಕುಗಟ್ಟುತ್ತದೆ, ಆಗ ಗಿರಾಕಿ ಬೈಯುವುದು ಹೊಲಿದವರನ್ನಲ್ಲ, ನಿಮ್ಮನ್ನು. ತೊಳೆದ ಫಾಲ್ ಇಪ್ಪತ್ತು ಬಣ್ಣದಲ್ಲಿ ಸಿದ್ಧ ಇಟ್ಟರೆ ಪಕ್ಕದ ಟೈಲರೂ ನಿಮ್ಮಲ್ಲೇ ಕೊಳ್ಳುತ್ತಾನೆ.

ಮದುವೆ ಸೀಸನ್ನಿನಲ್ಲಿ ಸೀರೆಗೆ ಮುಂಚೆಯೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪೆಟ್ಟಿಗೆಯಲ್ಲಿ ಮಡಿಸಿ ಕೊಡುವುದು ಈಗ ಎಲ್ಲರೂ ಕೇಳುವ ಕೆಲಸ. ಇದು ಇಸ್ತ್ರಿ ಮೇಜನ್ನೇ ತಿನ್ನುತ್ತದೆ, ಒಂದು ಸೀರೆಗೆ 40 ನಿಮಿಷ. ಅಷ್ಟು ಹೊತ್ತಿನಲ್ಲಿ ಸಾದಾ ಇಸ್ತ್ರಿಯೇ 100 ರೂಪಾಯಿ ಕೊಡುತ್ತದೆ. 250ಕ್ಕಿಂತ ಕಡಿಮೆ ಸಿಗುವುದಾದರೆ ಮುಟ್ಟಬೇಡಿ. ಇಳಕಲ್ ಸೀರೆ ತೊಳೆಯಲು ಬಂದರೆ ಕೆಂಪು ಸೆರಗಿನ ಮೇಲೆ ಮೊದಲು ಒದ್ದೆ ಬಟ್ಟೆಯ ಪರೀಕ್ಷೆ, ನಂತರ ಉಳಿದ ಮಾತು.

ಈ ಸೀಮೆಗೇ ಹೊಂದುವ ಇನ್ನೊಂದು ಸೇವೆ ಕೆಂಪು ಕಲೆ ತೆಗೆಯುವುದು. ಸಂಡೂರು, ತೋರಣಗಲ್ಲು ಕಡೆ ದುಡಿಯುವವರ ಬಿಳಿ ಅಂಗಿಯ ಕಾಲರಿನಲ್ಲಿ ಅದಿರಿನ ದೂಳು ಕೂತಿರುತ್ತದೆ. ಅದು ಕಬ್ಬಿಣದ ಆಕ್ಸೈಡ್, ಸೋಪಿಗೆ ಕರಗುವುದಿಲ್ಲ. ಬ್ಲೀಚ್ ಹಾಕಿದರೆ ಕಲೆ ಮತ್ತೂ ಗಟ್ಟಿಯಾಗುತ್ತದೆ. ಮೊದಲು ಒಣಗಿದ್ದಾಗಲೇ ಚೆನ್ನಾಗಿ ಕೊಡವಿ, ಒದ್ದೆ ಮಾಡಿ ಉಜ್ಜಿದರೆ ದೂಳು ನೂಲಿನೊಳಕ್ಕೆ ಇಳಿಯುತ್ತದೆ. ಸಾದಾ ಒಗೆತದ ನಂತರವೂ ಉಳಿದ ಕಲೆಗೆ ಆಕ್ಸಾಲಿಕ್ ಆಮ್ಲ: ಲೀಟರ್ ಉಗುರುಬೆಚ್ಚಗಿನ ನೀರಿಗೆ 10 ಗ್ರಾಂ, ಹತ್ತರಿಂದ ಹದಿನೈದು ನಿಮಿಷ, ಬಿಳಿ ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ, ಜರಿ, ಉಣ್ಣೆಗೆ ಬೇಡವೇ ಬೇಡ. ಇದನ್ನು ಬೋರಿನ ಸವುಳು ನೀರಲ್ಲಿ ಕಲಸಿದರೆ ನೀರಿನ ಕ್ಯಾಲ್ಸಿಯಂ ಸೇರಿ ಬಿಳಿ ಪುಡಿಯಾಗಿ ಬಟ್ಟೆಗೆ ಹತ್ತುತ್ತದೆ, ಆಮ್ಲದ ಬಲವೂ ಹೋಗುತ್ತದೆ. ಮೆದು ನೀರೇ ಬೇಕು. ಬಳಿಕ ಮೂರು ನೀರಲ್ಲಿ ಜಾಲಿಸಿ. ಇದು ವಿಷ: ಕೈಗೆ ರಬ್ಬರ್ ಗ್ಲೌಸು, ಡಬ್ಬಿಗೆ ಹೆಸರು, ಮಕ್ಕಳ ಕೈಗೆ ಸಿಗದ ಜಾಗ. ಬ್ಲೀಚ್ ಇರುವ ಬಕೆಟ್ಟಿಗೆ ಯಾವ ಆಮ್ಲವನ್ನೂ ಸುರಿಯಕೂಡದು, ಕ್ಲೋರಿನ್ ಅನಿಲ ಏಳುತ್ತದೆ.

ನೀರಿನ ಮಾತು ಬಂತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ಒಗೆಯುವುದಕ್ಕೆ 200 ಕೂಡ ಹೆಚ್ಚೇ. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ನಿಮ್ಮ ಬೋರನ್ನು ಒಮ್ಮೆ ಅಳೆಯಿರಿ. 500 ಬಂದರೆ 25 ಲೀಟರ್ ರೆಸಿನ್ (ಗಡಸುತನ ಹೀರುವ ಸಣ್ಣ ಮಣಿಗಳು) ಇರುವ ಸಾಫ್ಟನರ್ ಸುಮಾರು 2,000ದಿಂದ 2,500 ಲೀಟರ್ ನೀರು ಮೆದು ಮಾಡಿ ದಣಿಯುತ್ತದೆ. ಆಗ ಅದಕ್ಕೆ ಮೂರು ಕಿಲೋದಷ್ಟು ಉಪ್ಪು ಕರಗಿಸಿ ಹಾಯಿಸಬೇಕು. ಇದನ್ನು ಮರೆತ ದಿನದಿಂದ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಾಫ್ಟನರ್ ನೇರವಾಗಿ ದುಡ್ಡು ತರುವುದಿಲ್ಲ, ಆದರೆ ಸೋಪಿನ ಖರ್ಚು ಇಳಿಸುತ್ತದೆ, ಮಷೀನಿನ ಹೀಟರಿಗೆ ಸುಣ್ಣ ಕಟ್ಟುವುದನ್ನು ತಡೆಯುತ್ತದೆ.

ಕಾರ್ಖಾನೆಯ ಸಮವಸ್ತ್ರ ದೊಡ್ಡ ಗಂಟು. ತೋರಣಗಲ್ಲಿನಲ್ಲಾಗಲಿ ಕೊಪ್ಪಳದ ಗಿಣಿಗೇರಿಯಲ್ಲಾಗಲಿ ಗುತ್ತಿಗೆದಾರರ ಬಳಿ ಕೇಳಿದರೆ ಸಿಗುತ್ತದೆ. ಬೆಂಕಿ ತಡೆಯುವ ಬಟ್ಟೆಯಾದರೆ ಕ್ಲೋರಿನ್ ಬ್ಲೀಚೂ ಬೇಡ, ಮೃದು ಮಾಡುವ ಕಂಫರ್ಟ್ ತರಹದ ದ್ರವವೂ ಬೇಡ. ಮೊದಲನೆಯದು ಬಟ್ಟೆಯ ಗುಣ ಕೆಡಿಸುತ್ತದೆ, ಎರಡನೆಯದು ಬೆಂಕಿ ಹತ್ತುವ ಲೇಪ ಬಿಡುತ್ತದೆ. ಹೊಳೆಯುವ ಪಟ್ಟಿಯ ಮೇಲೆ ಇಸ್ತ್ರಿ ಇಡಬೇಡಿ. ನಿಜವಾದ ತೊಡಕು ಉದ್ರಿ, ಎರಡು ಮೂರು ತಿಂಗಳು ಎಳೆಯುತ್ತಾರೆ. ಸಣ್ಣ ಉದ್ಯಮಗಳಿಗೆಂದೇ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಪುಕ್ಕಟೆ, ಮಾಡಿಸಿಕೊಳ್ಳಿ. ನೋಂದಾಯಿಸಿದ ಸಣ್ಣ ಘಟಕಕ್ಕೆ ಕರಾರಿನಲ್ಲಿ ಹೆಚ್ಚು ದಿನ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಆ ನಂಬರನ್ನು ಬಿಲ್ಲಿನ ಮೇಲೆ ಹಾಕಿ.

ಶೂ ತೊಳೆಯುವುದೂ ನಡೆಯುತ್ತದೆ, ಒಂದು ಎಚ್ಚರಿಕೆಯೊಂದಿಗೆ: ಬಳ್ಳಾರಿ ಬಿಸಿಲು ಕೌದಿಗೆ ಮಿತ್ರ, ಶೂವಿಗೆ ಶತ್ರು. ಅಂಟು ಬಿಡುತ್ತದೆ, ಸೋಪು ಸರಿಯಾಗಿ ಹೋಗದ ಬಿಳಿ ಶೂ ಹಳದಿಯಾಗುತ್ತದೆ. ಒಳಗೆ ಕಾಗದ ತುರುಕಿ ಫ್ಯಾನಿನ ಗಾಳಿಗೆ ನೆರಳಲ್ಲಿಡಿ.

ಇನ್ನು ನೀವು ಮೊದಲು ಕೇಳಿದ ಸೋಪು, ಹ್ಯಾಂಗರ್. ಕಿರಾಣಿ ಅಂಗಡಿ ಮಾರುವುದನ್ನು ನೀವೂ ಮಾರಿದರೆ ಉಳಿಯುವುದು ಚಿಲ್ಲರೆ. ಅಲ್ಲಿ ಸಿಗದ್ದನ್ನು ಇಡಿ: ಸೀರೆ ಕವರ್, ಜಾಲರಿ ಚೀಲ, ತೊಳೆದ ಫಾಲ್, ನುಸಿಗುಳಿಗೆ. ಒಂದು ಕಪಾಟು ಸಾಕು. ನುಸಿಗುಳಿಗೆ ಕೊಡುವಾಗ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿಡಲು ಹೇಳಿ.

ಡ್ರೈಕ್ಲೀನಿಂಗನ್ನು ನೀವೇ ಮಾಡಬೇಡಿ. ಅದಕ್ಕೆ ಹೆಚ್ಚಾಗಿ ಬಳಸುವ ಮಿನರಲ್ ಟರ್ಪೆಂಟೈನ್ ಎಣ್ಣೆಯ ಆವಿಗೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲೇ ಬಿಸಿ ಇಸ್ತ್ರಿ ಪೆಟ್ಟಿಗೆ ಇರುವ ಒಂದೇ ಕೋಣೆಯ ಅಂಗಡಿಯಲ್ಲಿ ಅದು ನಡೆಯುವ ಮಾತಲ್ಲ. ಪೆಟ್ರೋಲಿನಲ್ಲಿ ಅದ್ದಿ ತೆಗೆಯುವವರ ದಾರಿಯನ್ನಂತೂ ಹಿಡಿಯಬೇಡಿ. ದೊಡ್ಡ ಘಟಕಕ್ಕೆ ಕಳಿಸಿ ಕಮಿಷನ್ ಇಟ್ಟುಕೊಳ್ಳಿ. ಕಳಿಸುವ ಮುಂಚೆ ಗುಂಡಿ, ಕಲೆ, ಹರಿದ ಜಾಗದ ಫೋಟೋ ತೆಗೆದಿರಲಿ. ಆಸ್ಪತ್ರೆಯ ಬಟ್ಟೆಯೂ ಬೇಡ, ಅದನ್ನು 71 ಡಿಗ್ರಿ ಬಿಸಿನೀರಲ್ಲಿ 25 ನಿಮಿಷ ತಿರುಗಿಸುವ ಮಷೀನು, ಕೊಳಕು ಮತ್ತು ಶುದ್ಧ ಬಟ್ಟೆಗೆ ಬೇರೆ ಬೇರೆ ಜಾಗ ಎರಡೂ ಬೇಕು. ಅಂಜನಾದ್ರಿ, ಹುಲಿಗಿ ಕಡೆಯ ಲಾಡ್ಜುಗಳ ಬೆಡ್‌ಶೀಟು ಆಸೆ ಹುಟ್ಟಿಸುತ್ತವೆ, ಆದರೆ ಅವಕ್ಕೆ ಇಸ್ತ್ರಿ ಬೇಕು. ಮಡಿಸಿ ಕೊಟ್ಟರೆ ಸಾಕು ಅನ್ನುವ ಲಾಡ್ಜನ್ನಷ್ಟೇ ಒಪ್ಪಿಕೊಳ್ಳಿ.

ಸೇವೆ, ಮಾರಾಟ ಎರಡೂ ಸೇರಿ ವರ್ಷದ ವ್ಯಾಪಾರ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಹೊಲಿಗೆಯವರಿಗೆ, ಡ್ರೈಕ್ಲೀನಿಂಗ್ ಘಟಕಕ್ಕೆ ಕೊಡುವ ಹಣವನ್ನು ಕಳೆದು ಲೆಕ್ಕ ಹಾಕುವಂತಿಲ್ಲ, ಗಿರಾಕಿಗೆ ನೀವು ಬಿಲ್ಲು ಮಾಡಿದ ಪೂರ್ತಿ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೌದಿ, ಹಾಸ್ಟೆಲ್, ಸೀರೆ, ಸಮವಸ್ತ್ರ ಒಂದೊಂದಕ್ಕೂ ಪುಸ್ತಕದಲ್ಲಿ ಬೇರೆ ಬೇರೆ ಪುಟ ಇಡಿ. ಮೂರು ತಿಂಗಳಾದ ಮೇಲೆ ನಿಮಿಷಕ್ಕೆ ಎರಡೂವರೆ ರೂಪಾಯಿ ದಾಟದ ಪುಟ ಯಾವುದೆಂದು ಕಾಣುತ್ತದೆ, ಅದರ ದರ ಏರಿಸಿ ಇಲ್ಲವೇ ಆ ಕೆಲಸ ಬಿಡಿ.