ಯೂರಿಯಾ, ಕೊಟ್ಟಿಗೆ ಗೊಬ್ಬರ ಮತ್ತು ಇಳುವರಿ: ಒಂದು ಟಿಪ್ಪಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದೇ ಕಡೆ. ಯೂರಿಯಾದ ಸಾರಜನಕ ಬೇರೆ, ಸಾವಯವ ಗೊಬ್ಬರದ ಸಾರಜನಕ ಬೇರೆ ಅಂದುಕೊಂಡಿದ್ದೆ. ಬೇರಿಗೆ ಆ ಭೇದವೇ ಗೊತ್ತಿಲ್ಲ. ಅದು ಬಹುಪಾಲು ಹೀರುವುದು ನೈಟ್ರೇಟ್ ಮತ್ತು ಅಮೋನಿಯಂ ರೂಪದಲ್ಲಿ. ಯೂರಿಯಾ ಹಾಕಿದರೆ ಕೆಲವೇ ದಿನಗಳಲ್ಲಿ ಅಮೋನಿಯಂ ಸಿಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚಿನ ಸಾರಜನಕ ಪ್ರೋಟೀನಿನಂಥ ವಸ್ತುಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಸೂಕ್ಷ್ಮಜೀವಿಗಳು ಬಿಡಿಸಿಕೊಡಬೇಕು, ಅದಕ್ಕೆ ತಿಂಗಳು, ವರ್ಷ ಬೇಕು. ಬೆಳೆಗೆ ಹಸಿವಾದ ಹೊತ್ತಿಗೆ ಊಟ ಸಿದ್ಧ ಇತ್ತಾ ಅನ್ನುವುದರ ಮೇಲೆ ಇಳುವರಿ ನಿಲ್ಲುತ್ತದೆ.

ಹಸಿವು ಗೊತ್ತಾಗುವುದು ಹೇಗೆ? ಕೆಳಗಿನ ಹಳೆಯ ಎಲೆ ನೋಡಿ. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಎಲೆಗೆ ಕಳಿಸುತ್ತದೆ. ಮೆಕ್ಕೆಜೋಳದಲ್ಲಿ ಎಲೆಯ ತುದಿಯಿಂದ ಶುರುವಾದ ಹಳದಿ ನಡುನರದ ಗುಂಟ ಈಟಿಯ ಮೊನೆಯ ಹಾಗೆ ಒಳಕ್ಕೆ ಇಳಿಯುತ್ತದೆ. ಅಂಚು ಮಾತ್ರ ಇನ್ನೂ ಹಸಿರು.

ಒಮ್ಮೆ ಎರಡು ಕುಂಡಗಳಲ್ಲಿ ಮೆಕ್ಕೆಜೋಳ ಬಿತ್ತಿದ್ದೆ. ಒಂದಕ್ಕೆ ಕತ್ತರಿಸಿದ ಒಣ ಹುಲ್ಲು ಬೆರೆಸಿದ್ದೆ, ಸಾವಯವ ಅಲ್ವಾ ಅಂತ. ಹುಲ್ಲಿನ ಕುಂಡದ ಸಸಿಗಳೇ ಹಳದಿಯಾದವು! ನೀರು ಜಾಸ್ತಿ ಆಯಿತೇನೋ ಅಂದುಕೊಂಡೆ. ಕಾರಣ ಬೇರೆಯೇ ಇತ್ತು. ಲೆಕ್ಕ ಹೀಗೆ: 100 ಕೆಜಿ ಹುಲ್ಲಿನಲ್ಲಿ ಸುಮಾರು 40 ಕೆಜಿ ಇಂಗಾಲ, ಅರ್ಧ ಕೆಜಿ ಸಾರಜನಕ. ಅಂದರೆ ಅನುಪಾತ 80:1. ಸೂಕ್ಷ್ಮಜೀವಿಗಳು ಆ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ, ಉಳಿದದ್ದನ್ನು ಉಸಿರಾಡಿ ಬಿಡುತ್ತವೆ. ಸೇರಿಸಿಕೊಂಡದ್ದು 13 ಕೆಜಿ. ಅವುಗಳ ಮೈಯಲ್ಲಿ ಅನುಪಾತ ಸುಮಾರು 8:1, ಹಾಗಾಗಿ 1.6 ಕೆಜಿ ಸಾರಜನಕ ಬೇಕು. ಹುಲ್ಲಿನಲ್ಲಿ ಇರುವುದು ಅರ್ಧ ಕೆಜಿ. ಬಾಕಿ 1.1 ಕೆಜಿಯನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಸಸಿ ಬಾಯಿಬಿಟ್ಟು ನೋಡುತ್ತಾ ನಿಲ್ಲುತ್ತದೆ. ಅನುಪಾತ ಸುಮಾರು 25:1ಕ್ಕಿಂತ ಕೆಳಗಿದ್ದರೆ ಮಾತ್ರ ಸಾರಜನಕ ಬೇಗ ಹೊರಬರುತ್ತದೆ. ಗೊಬ್ಬರ ಚೆನ್ನಾಗಿ ಕಳಿತಿರಬೇಕು ಅನ್ನುವುದಕ್ಕೆ ಇದೇ ಕಾರಣ.

ಇನ್ನು ಪ್ರಮಾಣ. ಸುಮ್ನೆ ಲೆಕ್ಕಕ್ಕೆ ಅಂತ ಈ ಅಂಕಿಗಳನ್ನು ಇಟ್ಟುಕೊಳ್ಳಿ: ಹೆಕ್ಟೇರಿಗೆ ಸಾರಜನಕ ಹಾಕದಿದ್ದರೆ 2000 ಕೆಜಿ ಕಾಳು, 50 ಕೆಜಿ ಹಾಕಿದರೆ 3200, 100ಕ್ಕೆ 3900, 150ಕ್ಕೆ 4100, 200ಕ್ಕೆ 4000. ಮೊದಲ 50 ಕೆಜಿಯಲ್ಲಿ ಪ್ರತಿ ಕೆಜಿಗೂ 24 ಕೆಜಿ ಕಾಳು ಹೆಚ್ಚಿಗೆ ಬಂತು. ಎರಡನೇ ಕಂತಿನಲ್ಲಿ 14, ಮೂರನೆಯದರಲ್ಲಿ ಬರೀ 4, ಕೊನೆಯದರಲ್ಲಿ ನಷ್ಟ. ಪರೀಕ್ಷೆಯಲ್ಲಿ ಸರಾಸರಿ ಮತ್ತು ಹೆಚ್ಚುವರಿ ಫಲ ಎರಡನ್ನೂ ಕೇಳುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. 150 ಕೆಜಿಯಲ್ಲಿ ಸರಾಸರಿ 14 ಅಂತ ಚೆನ್ನಾಗೇ ಕಾಣುತ್ತದೆ, ಆದರೆ ಕೊನೆಯ 50 ಕೆಜಿ ಕೊಟ್ಟದ್ದು 4 ಮಾತ್ರ.

ಅತಿಯಾದಾಗ ಇಳುವರಿ ಇಳಿಯುವುದೇಕೆ? ಕಾಂಡ ಉದ್ದವಾಗಿ, ಮೆತ್ತಗಾಗಿ, ಗಾಳಿಮಳೆಗೆ ಪೈರು ಮಲಗಿಬಿಡುತ್ತದೆ. ಮಲಗಿದ ಪೈರಿನಲ್ಲಿ ಜೊಳ್ಳು ಜಾಸ್ತಿ. 1966ರಲ್ಲಿ ಬಂದ ಐಆರ್8 ಭತ್ತ ಗಿಡ್ಡಗಿದ್ದುದರಿಂದಲೇ ಹೆಚ್ಚು ಸಾರಜನಕ ತಿಂದೂ ನೆಟ್ಟಗೆ ನಿಂತಿತು. ಉಳಿದ ನಷ್ಟಗಳು ಚುಟುಕಾಗಿ: ಮೇಲೆ ಎರಚಿ ಬಿಟ್ಟ ಯೂರಿಯಾ ಅಮೋನಿಯಾ ಆಗಿ ಹಾರುತ್ತದೆ, ನೈಟ್ರೇಟ್ ನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ, ನೀರು ನಿಂತ ಕಡೆ ಅನಿಲವಾಗಿ ಹೋಗುತ್ತದೆ. ಅದಕ್ಕೇ ಕಂತು ಕಂತಾಗಿ ಕೊಡುವುದು.

ಸಾವಯವ ಗೊಬ್ಬರದ ಪಕ್ಷದಲ್ಲಿ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿನ ಬ್ರಾಡ್‌ಬಾಕ್ ಗೋಧಿ ಪ್ರಯೋಗ 1843ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿದೆ. ಏನೂ ಹಾಕದ ತಾಕಿನಲ್ಲಿ ಹೆಕ್ಟೇರಿಗೆ ಸುಮಾರು 1 ಟನ್ ಕಾಳು. ಪ್ರತಿ ವರ್ಷ 35 ಟನ್ ಕೊಟ್ಟಿಗೆ ಗೊಬ್ಬರ ತಿಂದ ತಾಕು ಬಹುಕಾಲ ರಾಸಾಯನಿಕ ಗೊಬ್ಬರದ ತಾಕಿಗೆ ಹೆಚ್ಚುಕಡಿಮೆ ಸಮನಾಗಿ ಬೆಳೆಯಿತು. ಅದರ ಮಣ್ಣಿನಲ್ಲಿ ಸಾವಯವ ಇಂಗಾಲ ಎರಡು ಪಟ್ಟಿಗಿಂತ ಜಾಸ್ತಿ. ಗಿಡ್ಡ ತಳಿಗಳು ಬಂದ ಮೇಲೆ ಕೊಟ್ಟಿಗೆ ಗೊಬ್ಬರದ ಜೊತೆ ಸಾರಜನಕವನ್ನೂ ಕೊಟ್ಟ ತಾಕು ಮುಂದೆ ಹೋಯಿತು. ಆದರೆ ಆ 35 ಟನ್ನನ್ನು ಮರೆಯಬೇಡಿ. ಅಷ್ಟು ಗೊಬ್ಬರ ಎಲ್ಲರಿಗೂ ಎಲ್ಲಿಂದ ಬರಬೇಕು?

ಕೊನೆಗೆ, ಖಂಡಿತ ಬರುವ ಲೆಕ್ಕ. ಬೆಳೆಗೆ 100 ಕೆಜಿ ಸಾರಜನಕ ಬೇಕು, 10 ಟನ್ ಕೊಟ್ಟಿಗೆ ಗೊಬ್ಬರ ಹಾಕಿದೆ. ಸಾರಜನಕ 0.5% ಅಂದರೆ ಒಟ್ಟು 50 ಕೆಜಿ. ಮೊದಲ ವರ್ಷ ಮೂರನೇ ಒಂದು ಭಾಗ ಸಿಗುತ್ತದೆ ಅಂತ ಹಿಡಿದರೆ 17 ಕೆಜಿ. ಉಳಿದ 83 ಕೆಜಿಗೆ, 46% ಸಾರಜನಕ ಇರುವ ಯೂರಿಯಾ 180 ಕೆಜಿ ಬೇಕು. 17ರ ಬದಲು ಪೂರ್ತಿ 50 ಕೆಜಿಯನ್ನೂ ಕಳೆದು 109 ಅಂತ ಬರೆದರೆ ಅಂಕ ಹೋಯಿತು. ನನ್ನದು ಹೋಗಿತ್ತು.