ಟೊಮೆಟೊ ಬಾಕ್ಸ್ ತೂಗಿ ಫಿಕ್ಸ್ಡ್ ಪಾಯಿಂಟ್ ಕಲಿಯೋಣ

ಸಿಮ್ಯುಲಿಂಕ್‌ನಲ್ಲಿ (ಬ್ಲಾಕ್ ಜೋಡಿಸಿ ಮಾಡೆಲ್ ಕಟ್ಟಿ, ಅದರಿಂದಲೇ ಚಿಪ್‌ಗೆ ಕೋಡ್ ಬರೆಸುವ ಸಾಫ್ಟ್‌ವೇರ್) ಮಾಡೆಲ್ ಕಟ್ಟುವಾಗ ನಾವು ಎಲ್ಲವನ್ನೂ ಡಬಲ್‌ನಲ್ಲೇ, ಅಂದರೆ 64 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿಯೇ ಇಟ್ಟಿರುತ್ತೇವೆ. ಲ್ಯಾಪ್‌ಟಾಪ್‌ನಲ್ಲಿ ತೊಂದರೆ ಇಲ್ಲ. ಆದರೆ ಕಾರ್ಟೆಕ್ಸ್-ಎಂ0 ತರಹದ ಸಣ್ಣ ಚಿಪ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕಕ್ಕೆ ಹಾರ್ಡ್‌ವೇರೇ ಇಲ್ಲ. ಪ್ರತಿ ಗುಣಾಕಾರಕ್ಕೂ ಲೈಬ್ರರಿ ಫಂಕ್ಷನ್ ಕರೆಯಬೇಕು. ಟೈಮೂ ಹೋಗುತ್ತದೆ, ಮೆಮೊರಿಯೂ ಹೋಗುತ್ತದೆ. ಅದಕ್ಕೇ ಫಿಕ್ಸ್ಡ್ ಪಾಯಿಂಟ್: ಪಾಯಿಂಟನ್ನು ಒಂದೇ ಜಾಗದಲ್ಲಿ ಇಟ್ಟು, ಭಿನ್ನರಾಶಿಯನ್ನೂ ಪೂರ್ಣಾಂಕವಾಗಿ ಬರೆಯುವ ವಿಧಾನ.

ಇಲ್ಲಿ ಚಿಪ್‌ಗೆ ಕಾಣುವುದು ಬರೀ ಪೂರ್ಣಾಂಕ. ಪಾಯಿಂಟ್ ಎಲ್ಲಿದೆ ಅನ್ನೋದನ್ನು ನಾವು ಮಾಡೆಲ್‌ನಲ್ಲಿ ಹೇಳುತ್ತೇವೆ. ಅದಕ್ಕೆ ಬೇಕಾದ ಶಿಫ್ಟ್ (ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು), ಕಾಸ್ಟ್ (ಸಂಖ್ಯೆಯ ಟೈಪ್ ಬದಲಿಸುವುದು) ಎಲ್ಲವನ್ನೂ ಕೋಡ್ ಜನರೇಟರ್ ಬರೆಯುತ್ತದೆ.

ನಮ್ಮ ಕೋಲಾರದ ಟೊಮೆಟೊ ಮಂಡಿಯನ್ನೇ ತಗೊಳ್ಳೋಣ. ಅಲ್ಲಿ ಹರಾಜು ನಡೆಯುವುದು 15 ಕಿಲೋ ಬಾಕ್ಸ್ ಲೆಕ್ಕದಲ್ಲಿ. ಅಭ್ಯಾಸಕ್ಕೆ ಕಿಲೋ ದರ ಇಟ್ಟುಕೊಂಡು, ತೂಕವನ್ನು ದರದಿಂದ ಗುಣಿಸಿ ಬೆಲೆ ತೋರಿಸುವ ತಕ್ಕಡಿಗೆ ಕೋಡ್ ಬೇಕು ಅಂದುಕೊಳ್ಳಿ.

ತೂಕಕ್ಕೆ ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ) 16 ಬಿಟ್, ಅದರಲ್ಲಿ 9 ಬಿಟ್ ಭಿನ್ನರಾಶಿಗೆ. ಹೆಚ್ಚೆಂದರೆ 128 ಕಿಲೋಗೆ ಚೂರು ಕಡಿಮೆ ಹಿಡಿಯುತ್ತದೆ, ಒಂದು ಹೆಜ್ಜೆ ಸುಮಾರು 2 ಗ್ರಾಂ. 15.35 ಕಿಲೋ ಬಂದರೆ 512ರಿಂದ (2ರ 9ನೇ ಘಾತ) ಗುಣಿಸಿ, ರೌಂಡ್ ಮಾಡಿ, 7859 ಅಂತ ಮೆಮೊರಿಗೆ ಹೋಗುತ್ತದೆ. ದರಕ್ಕೂ 16 ಬಿಟ್, ಭಿನ್ನರಾಶಿಗೆ 8. 24.75 ರೂಪಾಯಿ ಅಂದರೆ 6336.

ಎರಡನ್ನೂ ಗುಣಿಸಿದರೆ 4,97,94,624. ಭಿನ್ನರಾಶಿ ಬಿಟ್‌ಗಳು ಕೂಡಿ 9+8, ಅಂದರೆ 17 ಆಗುತ್ತವೆ. 2ರ 17ನೇ ಘಾತದಿಂದ ಭಾಗಿಸಿದರೆ 379.90 ರೂಪಾಯಿ. ನೇರವಾಗಿ ಗುಣಿಸಿದರೆ 379.91, ಒಂದು ಪೈಸೆಯಷ್ಟೇ ವ್ಯತ್ಯಾಸ.

ಈಗ ಬೆಲೆಗೂ ಸುಮ್ನೆ ತೂಕದ ಟೈಪನ್ನೇ ಕೊಟ್ಟರೆ? ಅದರಲ್ಲಿ 128ರ ಮೇಲೆ ಜಾಗ ಇಲ್ಲ. ಮೇಲಿನ ಬಿಟ್‌ಗಳು ಬಿದ್ದುಹೋಗಿ ತಕ್ಕಡಿ 123.90 ತೋರಿಸುತ್ತದೆ. ನೋಡಿದರೆ ನಿಜವಾದ ಬೆಲೆ ತರಹವೇ ಇದೆ, ಅಲ್ವಾ? ಇದೇ ಅಪಾಯ. ಸ್ಯಾಚುರೇಟ್ ಆಯ್ಕೆ ಹಾಕಿದರೆ 127.99ಕ್ಕೆ ನಿಲ್ಲುತ್ತದೆ. ಅದೂ ತಪ್ಪೇ, ಆದರೆ ಪ್ರತಿ ಬಾಕ್ಸ್‌ಗೂ ಒಂದೇ ಬೆಲೆ ಬಂದಾಗ ಕಣ್ಣಿಗೆ ಬೀಳುತ್ತದೆ.

ಬೆಲೆಗೆ 16 ಬಿಟ್‌ನಲ್ಲಿ 6 ಭಿನ್ನರಾಶಿ ಬಿಟ್ ಕೊಟ್ಟು ನೋಡಿ. 1024ರ ಹತ್ತಿರದವರೆಗೆ ಹಿಡಿಯುತ್ತದೆ. ಜನರೇಟ್ ಆದ ಸಾಲು ತೆರೆದರೆ ಮೂರು ವಿಷಯ ಕಾಣುತ್ತವೆ: ತೂಕವನ್ನು ಮೊದಲು 32 ಬಿಟ್‌ಗೆ ಕಾಸ್ಟ್ ಮಾಡಿದೆ, ಆಮೇಲೆ ಗುಣಿಸಿದೆ, ಕೊನೆಗೆ >> 11, ಅಂದರೆ ಬಿಟ್‌ಗಳನ್ನು ಬಲಕ್ಕೆ 11 ಜಾಗ ಸರಿಸಿದೆ. ಈ 11 ಎಲ್ಲಿಂದ ಬಂತು? 17ರಲ್ಲಿ 6 ಕಳೆದರೆ 11. ಇಂಥ ಶಿಫ್ಟ್‌ಗಳನ್ನು ಕೈಲೆಕ್ಕದಲ್ಲಿ ತಾಳೆ ನೋಡುವುದೇ ಒಳ್ಳೆಯ ಅಭ್ಯಾಸ. ಕಾಸ್ಟ್ ಗುಣಾಕಾರಕ್ಕೆ ಮೊದಲೇ ಇರಬೇಕು. ಇಂಟ್ (ಸಿ ಭಾಷೆಯ ಮಾಮೂಲಿ ಪೂರ್ಣಾಂಕ ಟೈಪ್) 16 ಬಿಟ್ ಇರುವ ಚಿಪ್‌ನಲ್ಲಿ ಗುಣಿಸಿದ ಮೇಲೆ ಕಾಸ್ಟ್ ಮಾಡಿದರೆ ಮೇಲಿನ ಅರ್ಧ ಆಗಲೇ ಹೋಗಿರುತ್ತದೆ.

ಶಿಫ್ಟ್ ಯಾವಾಗಲೂ ಕೆಳಕ್ಕೇ ಕತ್ತರಿಸುತ್ತದೆ. ಇಲ್ಲಿ 379.89 ಬರುತ್ತದೆ. ಒಂದು ಬಿಲ್‌ಗೆ ಪೈಸೆ ಲೆಕ್ಕ ನಿಜ, ಆದರೆ ನಷ್ಟ ಪ್ರತಿ ಸಲವೂ ರೈತನಿಗೇ. ಹತ್ತಿರದ ಸಂಖ್ಯೆಗೆ ರೌಂಡ್ ಮಾಡುವ ಆಯ್ಕೆ ಹಾಕಿದರೆ ಕೋಡ್ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ.

ಇನ್ನು ರೇಂಜ್. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ ಬೆಲೆ 2,000 ರೂಪಾಯಿ ದಾಟಿತ್ತು. ಮಾಮೂಲಿ ದಿನದ ಡೇಟಾ ಕೊಟ್ಟು ಸಿಮ್ಯುಲೇಶನ್ ಓಡಿಸಿದ್ದರೆ 1024 ಜಾಸ್ತಿಯೇ ಆಯಿತು ಅನ್ನಿಸಿರುತ್ತದೆ. ಹಾಗಾಗಿ ಬೆಲೆಯನ್ನು ಅನ್‌ಸೈನ್ಡ್ 32 ಬಿಟ್‌ನಲ್ಲಿ, 17 ಭಿನ್ನರಾಶಿ ಬಿಟ್‌ಗಳೊಂದಿಗೆ ಇಡಿ. 32,767 ರೂಪಾಯಿವರೆಗೆ ಹಿಡಿಯುತ್ತದೆ. ಎರಡು 16 ಬಿಟ್ ಸಂಖ್ಯೆಗಳ ಗುಣಲಬ್ಧ 32 ಬಿಟ್ ದಾಟುವುದೇ ಇಲ್ಲ. ಶಿಫ್ಟ್ ಬೇಡ, ಈ ಸಾಲಿನಲ್ಲಿ ರೌಂಡಿಂಗ್ ಚಿಂತೆಯೂ ಬೇಡ. ಖರ್ಚು ಎರಡು ಬೈಟ್ ಜಾಸ್ತಿ.