ಕಿಮೋ ಸುಸ್ತಿಗೆ ಗಿಡಮೂಲಿಕೆ: ಯಾವುದು ನೆರವು, ಯಾವುದು ಅಡ್ಡಗಾಲು

ಹಲ್ಲುಜ್ಜಿ ಬಂದವರು ಮಂಚದ ಅಂಚಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಸಾಕುಸಾಕಾಗಿರುತ್ತದೆ. ರಾತ್ರಿಯೆಲ್ಲ ನಿದ್ದೆ ಮಾಡಿದ್ದರೂ ಅಷ್ಟೇ. ದುಡಿದು ಬಂದ ದಣಿವು ವಿಶ್ರಾಂತಿಯಿಂದ ಇಳಿಯುತ್ತದೆ, ಕಿಮೋಥೆರಪಿಯ ಸುಸ್ತು ಇಳಿಯುವುದಿಲ್ಲ. ವಾಂತಿ ತಡೆಯಲು ಈಗ ಒಳ್ಳೆಯ ಮದ್ದುಗಳಿವೆ. ಸುಸ್ತಿಗೆ ಅಂಥ ಖಚಿತವಾದ ಮಾತ್ರೆ ಇಲ್ಲ. ಹಾಗಾಗಿಯೇ ಚೂರ್ಣ, ಕಷಾಯ, ಕ್ಯಾಪ್ಸೂಲುಗಳು ಮನೆಗೆ ಬರುತ್ತವೆ.

ತಂದುಕೊಡುವವರನ್ನು ಗದರಿಸಿ ಪ್ರಯೋಜನವಿಲ್ಲ. ಕಣ್ಣೆದುರು ಸೊರಗುತ್ತಿರುವವರಿಗಾಗಿ ಏನಾದರೂ ಮಾಡಬೇಕೆನ್ನುವ ತಳಮಳ ಅದು. ಅಲ್ಲದೆ ಗಿಡಕ್ಕೂ ಕಿಮೋಗೂ ಹಗೆಯೇನಿಲ್ಲ. ವಿನ್‌ಕ್ರಿಸ್ಟೀನ್ ಎಂಬ ಕಿಮೋ ಔಷಧ ಸಿಕ್ಕಿದ್ದು ನಿತ್ಯಪುಷ್ಪದ ಗಿಡದಿಂದ, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಸಿಕ್ಕಿದ್ದು ಪೆಸಿಫಿಕ್ ಯೂ ಮರದ ತೊಗಟೆಯಿಂದ. ಜೀವ ಉಳಿಸುವ ಈ ಎರಡೂ ನರಗಳಿಗೆ ಪೆಟ್ಟು ಕೊಡಬಲ್ಲವು. ಗಿಡದ್ದು ಎಂದ ಮಾತ್ರಕ್ಕೆ ಸೌಮ್ಯ ಎಂದುಕೊಳ್ಳಲು ಆಧಾರವಿಲ್ಲ.

ಸುಸ್ತಿಗೆ ಕಾರಣ ಒಂದೇ ಅಲ್ಲ. ಕಿಮೋ ಮೂಳೆಮಜ್ಜೆಯನ್ನು ಹತ್ತಿಕ್ಕಿದಾಗ ಹಿಮೋಗ್ಲೋಬಿನ್ ಕುಸಿಯುತ್ತದೆ. ಉರಿಯೂತದ ಸಂದೇಶ ಸಾಗಿಸುವ ಸೈಟೊಕೈನ್ ಎಂಬ ಪ್ರೋಟೀನುಗಳು ಏರುತ್ತವೆ. ಜ್ವರ ಬಂದಾಗ ಮೈ ಹಾಸಿಗೆ ಹುಡುಕುವಂತೆ ಮಾಡುವುದೂ ಇವೇ. ಊಟ ಸೇರದೆ ಸ್ನಾಯು ಕರಗುತ್ತದೆ, ನಿದ್ದೆ ಕೆಡುತ್ತದೆ, ಥೈರಾಯ್ಡ್ ಮಂದವಾಗಿರಬಹುದು, ಮನಸ್ಸು ಕುಗ್ಗಿರಬಹುದು. ಯಾವ ಮೂಲಿಕೆ ಒಳ್ಳೆಯದು ಎಂದು ಕೇಳುವ ಮೊದಲು ರಕ್ತಪರೀಕ್ಷೆ ಆಗಬೇಕು. ರಕ್ತಹೀನತೆಯ ಸುಸ್ತನ್ನು ಕಷಾಯ ಕುಡಿದು ತಿಂಗಳುಗಟ್ಟಲೆ ಎಳೆಯುವುದು ವೃಥಾ ನರಳಾಟ.

ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಸ್ವಲ್ಪ ಫಲ ತೋರಿಸಿದ್ದು ಅಮೆರಿಕನ್ ಜಿನ್‌ಸೆಂಗ್ ಬೇರು. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಸಂಶೋಧಕರ ಮುಂದಾಳತ್ವದ ಈ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಭಾಗವಹಿಸಿದ್ದು 364 ಮಂದಿ. ಒಂದು ಗುಂಪಿಗೆ ದಿನಕ್ಕೆ 2,000 ಮಿಲಿಗ್ರಾಂ ಜಿನ್‌ಸೆಂಗ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿಮದ್ದು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ನಾಲ್ಕು ವಾರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಂಟನೇ ವಾರಕ್ಕೆ, ನೂರು ಅಂಕದ ಮಾಪಕದಲ್ಲಿ, ಜಿನ್‌ಸೆಂಗ್ ಪಡೆದವರು ಸರಾಸರಿ 20 ಅಂಕ ಸುಧಾರಿಸಿದ್ದರು, ಹುಸಿಮದ್ದಿನವರು 10. ಚಿಕಿತ್ಸೆ ಮುಗಿಸಿದವರಿಗಿಂತ ಇನ್ನೂ ಚಿಕಿತ್ಸೆಯಲ್ಲಿದ್ದವರಿಗೆ ಲಾಭ ಹೆಚ್ಚಾಗಿತ್ತು. ನನಗೆ ಆ 10 ಕೂಡ ಅಷ್ಟೇ ಮುಖ್ಯ. ಮದ್ದೇ ಇಲ್ಲದ ಕ್ಯಾಪ್ಸೂಲ್ ನುಂಗಿದವರೂ ಅಷ್ಟು ಚೇತರಿಸಿಕೊಂಡಿದ್ದರು! ‘ನಮ್ಮವರಿಗೆ ಗುಣ ಕಾಣಿಸಿತು’ ಎಂದು ಯಾರಾದರೂ ಹೇಳಿದರೆ ಅದು ನಿಜವೇ ಇರಬಹುದು, ಆದರೆ ಗುಣ ಬಂದದ್ದು ಆ ಮೂಲಿಕೆಯಿಂದಲೇ ಎನ್ನಲು ಅಷ್ಟು ಸಾಲದು.

ಅಶ್ವಗಂಧದ ವಿಚಾರ ಇಲ್ಲೇ ತೊಡಕಾಗುತ್ತದೆ. ಸ್ತನ ಕ್ಯಾನ್ಸರ್‌ಗೆ ಕಿಮೋ ಪಡೆಯುತ್ತಿದ್ದ 100 ಮಹಿಳೆಯರ ಅಧ್ಯಯನದಲ್ಲಿ ಅದನ್ನು ಸೇವಿಸಿದವರಿಗೆ ಸುಸ್ತು ಕಡಿಮೆ ಇತ್ತು. ಆದರೆ ಹುಸಿಮದ್ದಿನ ಹೋಲಿಕೆ ಇರಲಿಲ್ಲ, ತಾವು ಏನು ತೆಗೆದುಕೊಳ್ಳುತ್ತಿದ್ದೇವೆಂದು ರೋಗಿಗಳಿಗೆ ಗೊತ್ತಿತ್ತು. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ದಕ್ಷಿಣ ಅಮೆರಿಕದ ಗ್ವಾರಾನಾ ಎಂಬ ಬಳ್ಳಿಯ ಬೀಜದ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದರಲ್ಲಿ ಕೆಫೀನ್ ಧಾರಾಳವಾಗಿದೆ, ಮೊದಲೇ ಕೆಟ್ಟ ನಿದ್ದೆ ಇನ್ನಷ್ಟು ಕೆಡಬಹುದು.

ನನ್ನನ್ನು ನಿಜವಾಗಿ ಕಾಡುವುದು ಬೇರೊಂದು ಗಿಡ. ಮನಸ್ಸಿನ ಮಂಕು ಕಳೆಯಲು ಬಳಸುವ, ಹಳದಿ ಹೂವಿನ ಸೇಂಟ್ ಜಾನ್ಸ್ ವರ್ಟ್. ಅದರಲ್ಲಿರುವ ಹೈಪರ್‌ಫೋರಿನ್ ಎಂಬ ವಸ್ತು, ಔಷಧಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನು ಯಕೃತ್ತು ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ ಐವರು ರೋಗಿಗಳಿಗೆ ಇರಿನೊಟೆಕಾನ್ ಎಂಬ ಕಿಮೋ ಔಷಧವನ್ನು ಒಮ್ಮೆ ಅದೊಂದನ್ನೇ, ಇನ್ನೊಮ್ಮೆ ಈ ಮೂಲಿಕೆಯ ಜೊತೆಗೆ ಕೊಟ್ಟರು. ಮೂಲಿಕೆ ಜೊತೆಗಿದ್ದಾಗ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೂಪದ ಔಷಧ ರಕ್ತದಲ್ಲಿ ಶೇ. 42ರಷ್ಟು ಕಡಿಮೆಯಿತ್ತು. ಮೂಳೆಮಜ್ಜೆಗೆ ಆದ ಪೆಟ್ಟೂ ಕಡಿಮೆಯೇ. ಇದನ್ನು ನಿಧಾನವಾಗಿ ಯೋಚಿಸಿ ನೋಡಿ. ಅಡ್ಡಪರಿಣಾಮ ತಗ್ಗಿದೆಯೆಂದು ಮನೆಮಂದಿ ನೆಮ್ಮದಿಪಡುತ್ತಿರಬಹುದು. ಆದರೆ ಅದು ತಗ್ಗಿದ್ದು, ಗೆಡ್ಡೆಗೆ ತಲುಪಬೇಕಾದ ಔಷಧವೇ ತಲುಪದಿರುವುದರಿಂದ ಆಗಿರಬಹುದು. ಈ ನಷ್ಟ ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಸುಸ್ತನ್ನು ತಗ್ಗಿಸುವುದರಲ್ಲಿ ಹೆಚ್ಚು ಭರವಸೆ ಕೊಟ್ಟಿರುವುದು ವ್ಯಾಯಾಮ. 2017ರಲ್ಲಿ 113 ಅಧ್ಯಯನಗಳ, 11,525 ಜನರ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸುಸ್ತಿಗೆಂದು ಕೊಡುವ ಔಷಧಗಳಿಗಿಂತ ವ್ಯಾಯಾಮ ಮತ್ತು ಮನೋಚಿಕಿತ್ಸೆ ಮೇಲುಗೈ ಸಾಧಿಸಿದ್ದವು. ಏಳಲಾಗದವರಿಗೆ ನಡೆಯಿರಿ ಎನ್ನುವುದು ಕ್ರೂರವೆನಿಸಬಹುದು. ವೈದ್ಯರ ಒಪ್ಪಿಗೆ ಪಡೆದು ಕೋಣೆಯಿಂದ ಬಾಗಿಲವರೆಗೆ ಓಡಾಡಿದರೂ ಆರಂಭಕ್ಕೆ ಸಾಕು.

ಮೂಲಿಕೆ ಬೇಕೇ ಬೇಕು ಎನಿಸಿದರೆ, ಅದರ ಡಬ್ಬಿಯನ್ನೇ ಕ್ಯಾನ್ಸರ್ ವೈದ್ಯರ ಮುಂದಿಡಿ, ಕಿಮೋ ಶುರುವಾಗುವ ಮೊದಲೇ. ಬೈದಾರೆಂದು ಮುಚ್ಚಿಡಬೇಡಿ. ಮುಂದಿನ ಸುತ್ತಿನ ಹೊತ್ತಿಗೆ ಯಕೃತ್ತಿನ ಪರೀಕ್ಷೆ ಏರುಪೇರಾದರೆ, ವಿಷಯ ಗೊತ್ತಿರುವ ವೈದ್ಯರು ಆ ಡಬ್ಬಿಯನ್ನೂ ಅನುಮಾನಿಸುತ್ತಾರೆ. ಗೊತ್ತಿಲ್ಲದಿದ್ದರೆ ತಪ್ಪು ಕಿಮೋದ ತಲೆಗೆ ಬಂದು, ರೋಗಿಗೆ ಬೇಕಿದ್ದ ಡೋಸನ್ನೇ ಇಳಿಸಬೇಕಾಗಬಹುದು.